ನಾಯ್ಕ ಅಂದರೆ ಅಡ್ಡಹೆಸರೋ, ಹುದ್ದೆಯೋ?

ಪ್ರಶ್ನೆ: ನಮ್ಮ ಅಮ್ಮನ ಅಜ್ಜ ಅಂಕೋಲಾ ಕಡೆಯವರು. "ಬಸರಾ ಲಡಾಯಿಗೆ ಹೋದವರು ಬರಲೇ ಇಲ್ಲ" ಅನ್ನುವುದು ಬಿಟ್ಟರೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಫೋಟೊ ಇಲ್ಲ, ಕಾಗದವಿಲ್ಲ. ಪೆಟ್ಟಿಗೆಯ ತಳದಲ್ಲಿ ರಾಜನ ತಲೆ ಇರುವ ಬೆಳ್ಳಿ ಪದಕ ಮಾತ್ರ ಇದೆ. ಅದರ ಅಂಚಿನಲ್ಲಿ ಸವೆದ ಇಂಗ್ಲಿಷ್ ಅಕ್ಷರಗಳಿವೆ. 'ನಾಯ್ಕ್', '110' ಎರಡೇ ಓದಲು ಬರುತ್ತವೆ. ಮಹಾಲಯ ಅಮಾವಾಸ್ಯೆಯ ದಿನ ಅಮ್ಮ ಅವರ ಹೆಸರಲ್ಲಿ ಎಡೆ ಇಡುತ್ತಾರೆ. ಅವರ ಬಗ್ಗೆ, ಅವರ ಹೆಂಡತಿ ಮಕ್ಕಳ ಬಗ್ಗೆ ತಿಳಿಯಬಹುದೇ?
– ಓದುಗರು, ಕಾರವಾರ

ಉತ್ತರ: ಮೊದಲಿಗೆ ಒಂದು ಕೆಲಸ ಮಾಡಬೇಡಿ. ಹಬ್ಬಕ್ಕೆ ಬೆಳ್ಳಿ ಪಾತ್ರೆ ತಿಕ್ಕುವಂತೆ ವಿಭೂತಿ ಹಾಕಿ ಪದಕವನ್ನು ತಿಕ್ಕಬೇಡಿ. ನಿಮಗೆ ಬೇಕಾದದ್ದೆಲ್ಲ ಆ ಅಂಚಿನಲ್ಲೇ ಇದೆ. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಅಡ್ಡಡ್ಡ ಹಿಡಿದು, ಪದಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಫೋಟೊ ತೆಗೆಯಿರಿ. ಹಗಲಲ್ಲಿ ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಬರುತ್ತದೆ.

ಬೆಳ್ಳಿಯದು ಅಂದಿರಿ, ಅದೂ ಒಂದು ಸುಳಿವು. ಮೊದಲ ಮಹಾಯುದ್ಧದ 'ಬ್ರಿಟಿಷ್ ವಾರ್ ಮೆಡಲ್' ಎಂಬ ಪದಕವನ್ನು ಸಿಪಾಯಿಗಳಿಗೆ ಬೆಳ್ಳಿಯಲ್ಲಿ ಕೊಟ್ಟರು; ಕೂಲಿ ದಳದವರಿಗೆ, ಹೊರೆಯಾಳುಗಳಿಗೆ ಕೊಟ್ಟದ್ದು ಕಂಚಿನದು. ಹಿಂಬದಿಯಲ್ಲಿ ಕುದುರೆ ಏರಿದ ಬೆತ್ತಲೆ ಪುರುಷ ಮತ್ತು 1914, 1918 ಎಂಬ ಇಸವಿ ಇದ್ದರೆ ಅದೇ ಇದು.

ಇನ್ನು 'ನಾಯ್ಕ್'. ನಮ್ಮ ಜಿಲ್ಲೆಯವರು ಜಾರಿ ಬೀಳುವುದು ಇಲ್ಲೇ. ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ಓಣಿಗೆ ಹತ್ತು ಜನ ನಾಯ್ಕರು. ಸೈನ್ಯದಲ್ಲೋ, ನಾಯ್ಕ್ ಅಂದರೆ ಹುದ್ದೆ. ಸಿಪಾಯಿ ಮತ್ತು ಲ್ಯಾನ್ಸ್ ನಾಯ್ಕ್‌ಗಿಂತ ಮೇಲೆ, ಹವಾಲ್ದಾರನಿಗಿಂತ ಕೆಳಗೆ. ತಿಮ್ಮ ನಾಯ್ಕ ಬೇರೆ, ನಾಯ್ಕ್ ತಿಮ್ಮ ಬೇರೆ. ಇದು ತಲೆಗೆ ಹೋಗದೆ ನಾನೇ ಒಮ್ಮೆ ಎರಡು ತಿಂಗಳು ಯಾರದೋ ಮನೆಯ ಅಜ್ಜನನ್ನು ಹುಡುಕಿದ್ದೇನೆ. ಅಂಚಿನ ಬರಹಕ್ಕೆ ಒಂದು ಕ್ರಮ ಇದೆ: ನಂಬರ್, ಹುದ್ದೆ, ಹೆಸರು, ಕೊನೆಗೆ ಪಲ್ಟನ್, ಅಂದರೆ ಅವರಿದ್ದ ಸೈನ್ಯದ ತುಕಡಿ. ನಂಬರಿನ ಬೆನ್ನಿಗೇ 'ನಾಯ್ಕ್' ಬಂದರೆ ಹುದ್ದೆ. ಪಲ್ಟನ್ನಿನ ಹೆಸರಿಗೆ ತಾಗಿಕೊಂಡು ಬಂದರೆ ಅಡ್ಡಹೆಸರು. '110' ಎಲ್ಲಿದೆ ಅನ್ನುವುದನ್ನೂ ಹಾಗೇ ನೋಡಿ. ಆರಂಭದಲ್ಲಿದ್ದರೆ ಅದು ಸಿಪಾಯಿ ನಂಬರಿನ ತುಂಡು ಇರಬಹುದು. ಕೊನೆಯಲ್ಲಿದ್ದು ಪಕ್ಕದಲ್ಲಿ 'ಮರಾಠಾ' ಎಂದಿದ್ದರೆ ನಿಮ್ಮವರು 110ನೇ ಮರಾಠಾ ಲೈಟ್ ಇನ್‌ಫಂಟ್ರಿಯವರು.

ಹಾಗಾದರೆ ಬಸರಾದ ಮಾತು ಸರಿಯಾಗಿ ಕೂರುತ್ತದೆ. ಆ ಪಲ್ಟನ್ ಮೆಸಪೊಟೇಮಿಯಾದಲ್ಲಿ, ಅಂದರೆ ಬಸರಾ ಇರುವ ಈಗಿನ ಇರಾಕಿನಲ್ಲಿತ್ತು. 1915ರ ಡಿಸೆಂಬರಿನಿಂದ ಕುತ್ ಪಟ್ಟಣದಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿ, 1916ರ ಏಪ್ರಿಲ್ 29ರಂದು ಶರಣಾಯಿತು. 103 ಮತ್ತು 117ನೇ ಮರಾಠಾ ಪಲ್ಟನ್‌ಗಳೂ ಅಲ್ಲೇ ಇದ್ದವು. ಸೆರೆ ಸಿಕ್ಕವರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು, ರೈಲು ಹಳಿಯ ಕೆಲಸಕ್ಕೆ ಹಚ್ಚಿದರು. ದಾರಿಯಲ್ಲೇ ಸತ್ತವರು ಬಹಳ. ಎಷ್ಟೋ ಮನೆಗೆ ಸುದ್ದಿ ತಲುಪಿದ್ದು ತಡವಾಗಿ, ಅದೂ ಅರೆಬರೆ.

ಪೂರ್ತಿ ನಂಬರ್ ಕೈಗೆ ಬಂದ ಮೇಲೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣಕ್ಕೆ ಹೋಗಿ. ಹುಡುಕಾಟಕ್ಕೆ ದುಡ್ಡಿಲ್ಲ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರೊಳಗೆ ಸೇವೆಯಲ್ಲಿ ಸತ್ತವರ ಪಟ್ಟಿ ಅಲ್ಲಿದೆ. ಬಸರಾ ಸ್ಮಾರಕವೊಂದರ ಮೇಲೆಯೇ 40 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ. ಹೆಸರು ಹಾಕಿ ಹುಡುಕಬೇಡಿ. ಇಂಗ್ಲಿಷ್ ಗುಮಾಸ್ತನ ಕಿವಿಗೆ ನಮ್ಮ ಹೆಸರು ಹೇಗೆ ಕೇಳಿತ್ತೋ! ನಂಬರ್ ಮತ್ತು ಪಲ್ಟನ್ ಎರಡೂ ಹಾಕಿ, ಯಾಕೆಂದರೆ ಆಗ ಒಂದೇ ನಂಬರ್ ಬೇರೆ ಬೇರೆ ಪಲ್ಟನ್‌ಗಳಲ್ಲಿ ಇರುತ್ತಿತ್ತು. ಹಲವರ ದಾಖಲೆಯಲ್ಲಿ ತಂದೆಯ ಹೆಸರು, ಊರು, ತಾಲೂಕು ಸಿಗುತ್ತದೆ. ಜಿಲ್ಲೆ ಮಾತ್ರ 'ಕೆನರಾ' ಅಥವಾ 'ನಾರ್ತ್ ಕೆನರಾ, ಬಾಂಬೆ' ಎಂದಿರುತ್ತದೆ. 1862ರಿಂದ 1956ರವರೆಗೆ ನಾವು ಮುಂಬೈ ಆಡಳಿತದಲ್ಲಿದ್ದವರಲ್ಲವೇ? ಅದಕ್ಕೇ ಆ ಕಾಲದ ಸರ್ಕಾರಿ ಕಾಗದಕ್ಕೆ ಬೆಂಗಳೂರಿಗಿಂತ ಮುಂಬೈನ ಮಹಾರಾಷ್ಟ್ರ ರಾಜ್ಯ ಪತ್ರಾಗಾರವೇ ಹತ್ತಿರ. 110ನೇ ಪಲ್ಟನ್ 1922ರಲ್ಲಿ 5ನೇ ಮರಾಠಾ ರೆಜಿಮೆಂಟಿನ 3ನೇ ಬಟಾಲಿಯನ್ ಆಯಿತು. ಇವತ್ತು ಆ ರೆಜಿಮೆಂಟಿನ ಕೇಂದ್ರ ಬೆಳಗಾವಿಯಲ್ಲಿ. ಅಲ್ಲಿಗೂ ಒಂದು ಪತ್ರ ಬರೆಯಿರಿ, ನಂಬರ್ ಸಮೇತ. ಅಂಚಿನಲ್ಲಿ 'ಸ್ಯಾಪರ್ಸ್' (ಸೈನ್ಯದ ಎಂಜಿನಿಯರ್ ದಳ) ಎಂದು ಕಂಡರೆ ಮಾತ್ರ ದಾರಿ ಬೇರೆ: ಬಾಂಬೆ ಸ್ಯಾಪರ್ಸ್‌ನ ಕೇಂದ್ರವಿರುವ ಪುಣೆಯ ಖಡಕಿ. ಚೆಂಡಿಯಾದ ಪರಮವೀರ ಚಕ್ರ ವಿಜೇತ ಮೇಜರ್ ರಾಮ ರಾಘೋಬಾ ರಾಣೆ ಇದ್ದದ್ದೂ ಬಾಂಬೆ ಸ್ಯಾಪರ್ಸ್‌ನಲ್ಲೇ. ನಮ್ಮ ಕಡೆಯವರೆಲ್ಲ ಮರಾಠಾ ಪಲ್ಟನ್ನಿಗೇ ಸೇರಿದವರಲ್ಲ.

ಹೆಂಡತಿ ಮಕ್ಕಳ ವಿಷಯ ಸೈನ್ಯಕ್ಕಿಂತ ತಾಲೂಕು ಕಚೇರಿಯಲ್ಲಿ ಬೇಗ ಸಿಕ್ಕೀತು. ಅಜ್ಜನ ಹೆಸರಿಗೆ ಗುಂಟೆ ಜಾಗ ಇದ್ದರೂ ಸಾಕು, ಅವರ ನಂತರ ವಾರಸಾ ಆಗಿರಬೇಕು. ಕೈಬರಹದ ಹಳೆ ಪಹಣಿ, ಹಕ್ಕು ಬದಲಾವಣೆಯ ನಕಲು ಕೇಳಿ. ವಿಧವೆಯ ಹೆಸರು, ಮಕ್ಕಳ ಹೆಸರು ಒಂದೇ ಸಾಲಿನಲ್ಲಿ ಸಿಗುವುದು ಅಲ್ಲಿ.

ಕೊನೆಯದಾಗಿ ಆ ಎಡೆಯ ಮಾತು. ಮನೆಯ ಬೇರೆ ಹಿರಿಯರಿಗೆಲ್ಲ ಅವರವರ ತಿಥಿಯಲ್ಲಿ ಶ್ರಾದ್ಧ ಮಾಡಿ, ಇವರೊಬ್ಬರಿಗೆ ಮಾತ್ರ ಮಹಾಲಯಕ್ಕೆ ಎಡೆ ಇಡುತ್ತಾರೆಯೇ ಎಂದು ಅಮ್ಮನನ್ನು ಕೇಳಿ. ಸತ್ತ ದಿನ ಗೊತ್ತಿಲ್ಲದವರಿಗೆ ಹಾಗೆ ಮಾಡುವುದು ರೂಢಿ. ಹೌದು ಅಂದರೆ, ದಿನಾಂಕ ಬರೆದ ಕಾಗದ ನಿಮ್ಮ ಮುತ್ತಜ್ಜಿಯ ಕೈ ಸೇರಿರಲಿಕ್ಕಿಲ್ಲ. ಪಲ್ಟನ್ 110 ಎಂದೇ ಆದರೆ ಕುತ್‌ನ ಸೆರೆಯಾಳುಗಳ ನಡುವೆ ಅವರನ್ನು ಮೊದಲು ಹುಡುಕಿ.