ಮಡಚುವ ಚಾಕುವಿನ ಲೈನರ್ ಲಾಕ್: ಎಷ್ಟು ನಂಬಬಹುದು?

ಪ್ರಶ್ನೆ: ಸಾಗರ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ. ಅಪ್ಪೆಮಿಡಿ (ಉಪ್ಪಿನಕಾಯಿಯ ಮಾವು), ಕಾಳುಮೆಣಸು ಕಸಿ ಮಾಡುವ ಹುಚ್ಚೂ ಇದೆ. ಮೂರ್ನಾಲ್ಕು ವರ್ಷದಿಂದ ಜೇಬಿನಲ್ಲಿ ಒಂದು ಲೈನರ್ ಲಾಕ್ ಚಾಕು ಇಟ್ಟುಕೊಂಡಿದ್ದೇನೆ. ಕಳೆದ ತಿಂಗಳು ಮಾವಿನ ಒಣ ಗೆಲ್ಲಿನಲ್ಲಿ ಅಲಗು ಸಿಕ್ಕಿಕೊಂಡಿತು. ಆಚೀಚೆ ಅಲ್ಲಾಡಿಸಿ ಎಳೆಯುವಾಗ ಲಾಕ್ ಬಿಟ್ಟು ಚಾಕು ಮಡಚಿಕೊಂಡು ತೋರುಬೆರಳಿಗೆ ಹೊಲಿಗೆ ಬಿತ್ತು. ಲೈನರ್ ಲಾಕ್ ಅಂದರೇ ಹೀಗೆ, ಎಸೆದುಬಿಡಿ ಅಂತಾನೆ ಅಣ್ಣನ ಮಗ. ನಿಜವೇ?

ಉತ್ತರ: ಮೊದಲು ಬೆರಳಿನ ಮಾತು. ಬೆರಳನ್ನು ಪೂರ್ತಿ ಮಡಚಲು ಬರುತ್ತದೆಯೇ, ತುದಿಗೆ ಮುಟ್ಟಿದ್ದು ಗೊತ್ತಾಗುತ್ತದೆಯೇ ನೋಡಿಕೊಳ್ಳಿ. ಎರಡರಲ್ಲಿ ಒಂದು ಸರಿಯಿಲ್ಲದಿದ್ದರೂ ತಡಮಾಡದೆ ವೈದ್ಯರಿಗೆ ಮತ್ತೆ ತೋರಿಸಿ. ಚಾಕು ಮಡಚಿಕೊಂಡಾಗ ಏಟು ಬೀಳುವುದು ಬೆರಳಿನ ಒಳಮೈಗೆ. ಅಲ್ಲಿ ನರ, ಸ್ನಾಯುರಜ್ಜು ಎರಡೂ ಚರ್ಮಕ್ಕೆ ಹತ್ತಿರ ಇರುತ್ತವೆ.

ಇನ್ನು ಚಾಕು. ಲೈನರ್ ಲಾಕ್ ಎಂಬ ಜಾತಿಯೇ ಕೆಟ್ಟದ್ದು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ನಿಮ್ಮ ಚಾಕುವನ್ನು ಪರೀಕ್ಷಿಸದೆ ಮತ್ತೆ ಜೇಬಿಗೆ ಹಾಕಬೇಡಿ.

ಹಿಡಿಯ ಒಳಗೆ ಎರಡೂ ಪಕ್ಕದಲ್ಲಿ ಲೋಹದ ತೆಳು ತಗಡು ಇರುತ್ತದೆ, ಅದೇ ಲೈನರ್. ಅವುಗಳಲ್ಲಿ ಒಂದನ್ನು ಉದ್ದಕ್ಕೆ ಸೀಳಿ, ಸೀಳಿದ ಪಟ್ಟಿಯನ್ನು ಒಳಕ್ಕೆ ಬಾಗಿಸಿರುತ್ತಾರೆ. ಅಲಗನ್ನು ಪೂರ್ತಿ ಬಿಚ್ಚಿದ ಕೂಡಲೇ ಪಟ್ಟಿ ಒಳಕ್ಕೆ ಚಿಮ್ಮಿ ಅಲಗಿನ ಬುಡದ ಹಿಂದೆ ನಿಲ್ಲುತ್ತದೆ. ಬಾಗಿಲು ತೆರೆಯದಂತೆ ಹಿಂದಿನಿಂದ ಓರೆಯಾಗಿ ಕೋಲು ಊರಿದ ಹಾಗೆ ಅದು. ಕೋಲು ಮುರಿಯುವುದು ಅಪರೂಪ, ಜಾರುವುದೇ ಹೆಚ್ಚು. ಲೈನರ್ ಲಾಕ್ ಕೈಕೊಡುವುದೂ ಬಹುಪಾಲು ಹೀಗೆಯೇ: ಪಟ್ಟಿ ಮುರಿದಿರುವುದಿಲ್ಲ, ಅಲಗಿನ ಬುಡದಿಂದ ಪಕ್ಕಕ್ಕೆ ಜಾರಿರುತ್ತದೆ.

ಇಂಥ ಪಟ್ಟಿ ಹೊಸದೇನಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲೇ ಅಮೆರಿಕದ ಎಲೆಕ್ಟ್ರಿಷಿಯನ್ನರ ಚಾಕುಗಳಲ್ಲಿ ಸ್ಕ್ರೂಡ್ರೈವರ್ ಅಲಗು ಮಡಚಿಕೊಳ್ಳದಂತೆ ಇದನ್ನು ಬಳಸುತ್ತಿದ್ದರು. ಈಗ ನಾವು ನೋಡುವ ರೂಪಕ್ಕೆ ತಂದವರು ಅದೇ ದೇಶದ ಚಾಕು ತಯಾರಕ ಮೈಕೇಲ್ ವಾಕರ್, 1980ರ ದಶಕದ ಆರಂಭದಲ್ಲಿ. ಮಡಚಿದ ಅಲಗು ಜೇಬಿನಲ್ಲಿ ತಾನಾಗಿ ಬಿಚ್ಚಿಕೊಳ್ಳದಂತೆ ಪಟ್ಟಿಯ ಮೇಲೆ ಪುಟ್ಟ ಗುಂಡು ಕೂರಿಸಿದ್ದು ಅವರ ವಿನ್ಯಾಸದ ಭಾಗ. ಅವರ ಕೆಲಸದಲ್ಲಿದ್ದ ಅಳತೆಯ ಕಟ್ಟುನಿಟ್ಟು ಮುನ್ನೂರು ರೂಪಾಯಿಯ ನಕಲು ಚಾಕುವಿನಲ್ಲಿ ಇರುವುದಿಲ್ಲ. ಲೈನರ್ ಲಾಕಿಗೆ ಬಂದ ಕೆಟ್ಟ ಹೆಸರಿನ ದೊಡ್ಡ ಪಾಲು ಅಂಥ ಚಾಕುಗಳದ್ದೇ.

ನೀವು ಗಮನಿಸಬೇಕಾದ ಮುಖ್ಯ ಸಂಗತಿ ಬೇರೆ ಇದೆ. ಕೊಯ್ಯುವಾಗ ಅಲಗಿನ ಹರಿತ ಬಾಯಿಯ ಮೇಲೆ ಬೀಳುವ ಒತ್ತಡ ಅಲಗನ್ನು ಇನ್ನಷ್ಟು ಬಿಚ್ಚುವ ದಿಕ್ಕಿಗೆ ತಳ್ಳುತ್ತದೆ. ಆ ಭಾರ ಹೋಗಿ ಕೂರುವುದು ಅಲಗಿನ ಬುಡ ತಾಗಿ ನಿಲ್ಲುವ ಸ್ಟಾಪ್ ಪಿನ್ ಮೇಲೆ, ಲಾಕಿನ ಮೇಲೆ ಅಲ್ಲ. ಸಯಾನ್ ಕಡ್ಡಿಯನ್ನು (ಕಸಿಗೆ ಕೂರಿಸುವ ಕಡ್ಡಿ) ಓರೆಗೆ ಹೆರೆಯುವಾಗ, ಅಡಿಕೆ ಗೊನೆಗೆ ಕೊಟ್ಟೆ (ಮಳೆಗೆ ಹಾಕುವ ಹೊದಿಕೆ) ಕಟ್ಟುವ ದಾರ ಕತ್ತರಿಸುವಾಗ ಲಾಕಿಗೆ ಹೆಚ್ಚುಕಡಿಮೆ ಕೆಲಸವೇ ಇಲ್ಲ. ಹಾಗಾಗಿಯೇ ಹಾಳಾದ ಲಾಕ್ ಕೂಡ ವರ್ಷಗಟ್ಟಲೆ ಚೆನ್ನಾಗಿದ್ದ ಹಾಗೆ ಕಾಣುತ್ತದೆ. ಲಾಕಿನ ಮೇಲೆ ನಿಜವಾದ ಭಾರ ಬೀಳುವುದು ಅಲಗಿನ ಬೆನ್ನಿಗೆ ಪೆಟ್ಟು ಬಿದ್ದಾಗ, ತುದಿಯಿಂದ ಚುಚ್ಚುವಾಗ ಕೈ ಓರೆಯಾದರೆ, ಮತ್ತೆ ಸಿಕ್ಕಿಕೊಂಡ ಅಲಗನ್ನು ಮೇಲೆ ಕೆಳಗೆ ಕುಲುಕಿ ಕೀಳುವಾಗ. ಅದರ ಜೊತೆ ಹಿಡಿಯನ್ನು ತಿರುಚಿದರೆ ಲೈನರ್ ಸಣ್ಣಗೆ ಬಾಗಿ, ಪಟ್ಟಿ ಜಾರಲು ದಾರಿಯಾಗುತ್ತದೆ. ನಿಮ್ಮ ಒಣ ಗೆಲ್ಲಿನಲ್ಲಿ ಎಳೆತ, ಕುಲುಕು, ತಿರುಚು ಮೂರೂ ಒಟ್ಟಿಗೇ ಬಿದ್ದಿವೆ. ಒಳ್ಳೆಯ ಲಾಕ್ ಅಷ್ಟನ್ನು ತಡೆಯಬೇಕಿತ್ತು ನಿಜ, ಆದರೆ ಮಡಚುವ ಚಾಕುವಿಗೆ ಕೊಡುವ ಕೆಲಸ ಅದಲ್ಲ.

ಈಗ ಪರೀಕ್ಷೆ. ಬೆಳಕಿನಲ್ಲಿ ಕುಳಿತು ಅಲಗನ್ನು ಬಿಚ್ಚಿ, ಹಿಡಿಯ ಸೀಳಿನೊಳಗೆ ಇಣುಕಿ. ಪಟ್ಟಿಯ ತುದಿ ಅಲಗಿನ ಬುಡದ ದಪ್ಪದಲ್ಲಿ ಎಲ್ಲಿಯವರೆಗೆ ಬಂದಿದೆ? ಪಟ್ಟಿಯ ಪೂರ್ತಿ ದಪ್ಪ ಬುಡದ ಮೇಲೆ ಕೂತು, ಬುಡದ ಅಗಲದ ಮೂರನೇ ಒಂದರಿಂದ ಅರ್ಧದಷ್ಟು ದಾಟಿದ್ದರೆ ನೆಮ್ಮದಿ. ಅಂಚಿಗೆ ಮಾತ್ರ ತಾಗಿದ್ದರೆ ಅದು ಯಾವಾಗ ಬೇಕಾದರೂ ಜಾರುತ್ತದೆ. ಪೂರ್ತಿ ಆಚೆ ಹೋಗಿ ಎದುರಿನ ಲೈನರಿಗೆ ತಾಗಿ ನಿಂತಿದ್ದರೆ ಸವೆದು ಮುಗಿದಿದೆ ಎಂದರ್ಥ. ಪಟ್ಟಿಗೆ ಒಳಕ್ಕೆ ಹೋಗಲು ಇನ್ನು ಜಾಗ ಇಲ್ಲ, ಇನ್ನಷ್ಟು ಸವೆದರೆ ಅಲಗು ಅಲ್ಲಾಡತೊಡಗುತ್ತದೆ.

ಆಮೇಲೆ ಅಲಗನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಎಡಕ್ಕೆ ಬಲಕ್ಕೆ ಅಲ್ಲಾಡಿದರೆ ಅದು ಪಿವಟ್ ಸ್ಕ್ರೂ (ಅಲಗು ತಿರುಗುವ ಕೀಲಿನ ಸ್ಕ್ರೂ) ಸಡಿಲವಾದ ಲಕ್ಷಣ. ಸರಿಯಾದ ಅಳತೆಯ ಟಾರ್ಕ್ಸ್ (ನಕ್ಷತ್ರಾಕಾರದ) ಬಿಟ್ ಹಾಕಿ ಕಾಲು ಸುತ್ತು ಬಿಗಿ ಮಾಡಿದರೆ ಸಾಕು. ಮೇಲೆ ಕೆಳಗೆ ಅಲ್ಲಾಡಿದರೆ ಅದು ಲಾಕಿನ ದೋಷ, ಸ್ಕ್ರೂ ಬಿಗಿ ಮಾಡಿ ಮುಚ್ಚಿಹಾಕಬೇಡಿ. ಮೂರನೆಯದು, ದಪ್ಪ ಚರ್ಮದ ಗ್ಲೌಸ್ ಹಾಕಿ, ಬೆರಳುಗಳನ್ನು ಅಲಗಿನ ದಾರಿಯಿಂದ ಪೂರ್ತಿ ಸರಿಸಿ, ಅಲಗಿನ ಬೆನ್ನನ್ನು ಮರದ ತುಂಡಿಗೆ ನಿಧಾನವಾಗಿ ಒತ್ತಿ. ಒತ್ತುತ್ತಲೇ ಪಟ್ಟಿಯನ್ನು ನೋಡಿ. ಕೂದಲೆಳೆಯಷ್ಟು ಹೊರಗೆ ಸರಿದರೂ ಆ ಚಾಕು ಬೇಡ. ಕೆಲವರು ಬೆನ್ನನ್ನು ಮೇಜಿಗೆ ಪಟಪಟ ಬಡಿದು ಪರೀಕ್ಷೆ ಮಾಡುತ್ತಾರೆ. ಒಳ್ಳೆಯ ಲಾಕಿನ ಮುಖವನ್ನೂ, ಅಂದರೆ ಅಲಗಿನ ಬುಡಕ್ಕೆ ತಾಗುವ ಪಟ್ಟಿಯ ತುದಿಯನ್ನೂ, ಜಜ್ಜಿ ಕೆಡಿಸುವ ಕ್ರಮ ಅದು, ಮಾಡಬೇಡಿ.

ಪಟ್ಟಿ ಸರಿಯಿಲ್ಲ ಅಂತ ಅರ ಹಿಡಿದು ಉಜ್ಜುವುದು, ಇಕ್ಕಳದಲ್ಲಿ ಬಾಗಿಸುವುದು ಎರಡನ್ನೂ ದಯವಿಟ್ಟು ಮಾಡಬೇಡಿ. ಲಾಕಿನ ಮುಖಕ್ಕೆ ತಾಗುವ ಅಲಗಿನ ಬುಡವನ್ನು ಸುಮಾರು 8 ಡಿಗ್ರಿ ಓರೆಯಲ್ಲಿ ಕಡೆದಿರುತ್ತಾರೆ. ಆ ಸಣ್ಣ ಓರೆಯೇ ಲಾಕನ್ನು ಹಿಡಿದಿಡುವುದು. ಓರೆ ಹೆಚ್ಚಾದರೆ ಪಟ್ಟಿ ಜಾರುತ್ತದೆ, ಕಡಿಮೆಯಾದರೆ ಸವೆತಕ್ಕೆ ತಕ್ಕಂತೆ ಮುಂದೆ ಸರಿದು ಹಿಡಿಯುವ ಗುಣ ಹೋಗುತ್ತದೆ. ಕಣ್ಣಂದಾಜಿನಲ್ಲಿ ಆಗುವ ಕೆಲಸ ಅಲ್ಲ.

ಒಂದೇ ಒಂದು ರಿಪೇರಿ ನಿಮ್ಮ ಕೈಯಲ್ಲಿದೆ, ಅದು ಸ್ವಚ್ಛ ಮಾಡುವುದು. ತೋಟದ ಮಣ್ಣು, ಜೇಬಿನ ನೂಲು, ಮಾವಿನ ಸೊನೆ ಲಾಕಿನ ಮುಖಕ್ಕೂ ಅಲಗಿನ ಬುಡಕ್ಕೂ ನಡುವೆ ಗಟ್ಟಿಯಾಗಿ ಕೂತರೆ ಪಟ್ಟಿ ಪೂರ್ತಿ ಒಳಗೆ ಬರುವುದೇ ಇಲ್ಲ. ಕಿವಿಗೆ 'ಟಕ್' ಎಂದು ಕೇಳಿಸಿರುತ್ತದೆ, ನೀವು ಲಾಕ್ ಆಯಿತು ಅಂದುಕೊಂಡಿರುತ್ತೀರಿ. ಸದ್ದನ್ನು ನಂಬಬೇಡಿ, ಕಣ್ಣಿನಿಂದ ನೋಡಿ. ಸೊನೆಗೆ ಸೀಮೆಎಣ್ಣೆ, ಮಣ್ಣಿಗೆ ಸೋಪಿನ ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಒಣಗಿಸಿ ಪಿವಟ್ಟಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ತೆಂಗಿನೆಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಧೂಳು ಹಿಡಿಯುತ್ತದೆ. ಲಾಕಿನ ಮುಖಕ್ಕೆ ಎಣ್ಣೆ ತಾಗಿದ್ದರೆ ಒರೆಸಿಬಿಡಿ, ಅದು ಒಣಗಿಯೇ ಇರಬೇಕು.

ಇದೆಲ್ಲ ಮಾಡಿದ ಮೇಲೂ ಪಟ್ಟಿ ಸರಿದರೆ ಆ ಚಾಕುವಿನ ಆಸೆ ಬಿಡಿ. ಹೊಸದು ಕೊಳ್ಳುವಾಗ ಪಟ್ಟಿ ಒಂದು ಮಿಲಿಮೀಟರಿಗಿಂತ ತೆಳ್ಳಗಿದ್ದರೆ ಬೇಡ ಅನ್ನಿ. ಮೇಲಿನ ಪರೀಕ್ಷೆಗಳನ್ನು ಅಂಗಡಿಯಲ್ಲೇ ಮಾಡಿ, ಆನ್‌ಲೈನಿನಲ್ಲಿ ತರಿಸಿದರೆ ವಾಪಸ್ ಕಳಿಸುವ ಅವಧಿಯೊಳಗೆ ಮಾಡಿ. ಕಸಿಗಂತೂ ನನ್ನ ಸಲಹೆ ಒಂದೇ: ಮಡಚದ ಕಸಿ ಚಾಕು, ಅದಕ್ಕೊಂದು ಒರೆ. ಒಣ ಗೆಲ್ಲಿಗೆ ಕತ್ತಿ ಅಥವಾ ಗರಗಸ. ಮಡಚುವ ಚಾಕುವನ್ನು ಹಿಡಿದಾಗಲೆಲ್ಲ ಈ ಲಾಕ್ ಈಗಲೇ ಬಿಟ್ಟರೆ ಬೆರಳು ಎಲ್ಲಿರುತ್ತದೆ ಎಂದು ಕೇಳಿಕೊಳ್ಳಿ. ಉತ್ತರ 'ಅಲಗಿನ ದಾರಿಯಲ್ಲಿ' ಎಂದಾದರೆ ಹಿಡಿತ ಬದಲಿಸಿ, ಇಲ್ಲವೇ ಸಾಧನ ಬದಲಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಲಾಕ್ ಕಚ್ಚಿಕೊಂಡು ಮಡಚಲು ಹೆಬ್ಬೆರಳು ನೋಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಸರಿಯಾಗಿದೆಯೇ ನೋಡಲು ಇದೇ ಚಾಕುವನ್ನು ಅದ್ದುತ್ತೇನೆ, ಅದರಿಂದ ಹೀಗಾಗುತ್ತಿದೆಯೇ? ಸ್ಟೇನ್‌ಲೆಸ್ ಅಂತ ಕೊಂಡದ್ದು. (ತೀರ್ಥಹಳ್ಳಿ)

ಉತ್ತರ: ಅದರಿಂದಲೂ ಆಗುತ್ತದೆ, ಆದರೆ ನನಗೆ ಹೆಚ್ಚು ಆತಂಕ ಬೇರೆ ಕಾರಣಕ್ಕೆ. ನಿಮ್ಮ ಪರೀಕ್ಷೆಯೇ ತಪ್ಪು ಉತ್ತರ ಕೊಡುತ್ತಿರಬಹುದು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ ಹಾಕುತ್ತೇವೆ. ಸುಣ್ಣ ಸಾಲದಿದ್ದರೆ ಬಿಡಿ ತಾಮ್ರ ಉಳಿದು, ಅದ್ದಿದ ಕಬ್ಬಿಣದ ಮೇಲೆ ಕೆಂಪಗೆ ಕೂರುತ್ತದೆ. ಆಗ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಈ ಪರೀಕ್ಷೆ ನಡೆಯುವುದು ಬರೀ ಕಬ್ಬಿಣ ಅಥವಾ ಸಾದಾ ಉಕ್ಕಿನಲ್ಲಿ. ಸ್ಟೇನ್‌ಲೆಸ್ ಉಕ್ಕಿನ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಇರುವುದರಿಂದ ತಾಮ್ರ ಸುಲಭವಾಗಿ ಕೂರುವುದಿಲ್ಲ. ಚಾಕು ಬೆಳ್ಳಗೆ ಹೊರಬಂದದ್ದನ್ನು ನಂಬಿ ಹೊಡೆದರೆ ಅಡಿಕೆಯ ಸಿಂಗಾರ (ಹೂಗೊನೆ), ಎಳೆಗಾಯಿ ಸುಡುವ ಅಪಾಯ ಇದೆ. ಹೊಳೆಯುವಂತೆ ಉಜ್ಜಿದ ಹಳೆಯ ಕತ್ತಿಯನ್ನೋ ಕಬ್ಬಿಣದ ಮೊಳೆಯನ್ನೋ ಅದ್ದಿ.

ಲಾಕಿನ ವಿಷಯಕ್ಕೆ ಬಂದರೆ, ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯದ್ದು ಅಂತಲ್ಲ. ಆಷಾಢದಲ್ಲಿ ನಮ್ಮ ಕಡೆ ಒಲೆಯ ಮೇಲಿನ ಅಟ್ಟ ಬಿಟ್ಟರೆ ಒಣಗಿದ ಜಾಗವೇ ಇರುವುದಿಲ್ಲ. ಹಿಡಿಯೊಳಗೆ ಇಳಿದ ದ್ರಾವಣ, ಸುಣ್ಣ, ಬೆವರು ಅಲ್ಲೇ ಉಳಿಯುತ್ತವೆ. ತೊಳೆದು, ಬಿಚ್ಚಿದ ಸ್ಥಿತಿಯಲ್ಲೇ ಒಣಗಲು ಬಿಡಿ. ಆಮೇಲೂ ಕಚ್ಚಿಕೊಂಡರೆ ಲಾಕಿನ ಮುಖಕ್ಕೆ ಪೆನ್ಸಿಲ್ ಸೀಸ ಸ್ವಲ್ಪ ತಿಕ್ಕಿ ನೋಡಿ. ಟೈಟಾನಿಯಂ ಪಟ್ಟಿ ಇರುವ ಚಾಕುಗಳಲ್ಲಿ ಈ ಕಚ್ಚಾಟ ಸಾಮಾನ್ಯ, ಪೆನ್ಸಿಲ್ಲಿಗೆ ಬಹಳ ಸಲ ಬಗ್ಗುತ್ತದೆ. ಜೋರು ಮಾಡಿ ಒತ್ತಬೇಡಿ. ಪಟ್ಟಿ ಥಟ್ಟನೆ ಬಿಟ್ಟಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ.

ಮರದ ಹಿಡಿಯ ಒಪಿನೆಲ್ (ಫ್ರಾನ್ಸಿನ ಕಂಪನಿ) ಚಾಕು ತಗೊಳ್ಳಲೇ ಎಂದೂ ಕೇಳಿದ್ದೀರಿ. 1955ರಲ್ಲಿ ಬಂದ ಅದರ ತಿರುಗುವ ಬಳೆಯ ಲಾಕ್ ಸರಳ, ಗಟ್ಟಿ, ನನಗೆ ಬಹಳ ಇಷ್ಟ. ಆದರೆ ಮಳೆಗಾಲದಲ್ಲಿ ಮರ ಉಬ್ಬಿ ಅಲಗೇ ಬಿಗಿದುಕೊಳ್ಳುತ್ತದೆ. ನಿಮ್ಮೂರಿಗೆ ಬೇಸಿಗೆಯ ಚಾಕು ಅದು.

ಪ್ರಶ್ನೆ: ಮಗಳು ಎಡಚಿ. ಅವಳಿಗೆ ಲೈನರ್ ಲಾಕ್ ಕೊಡಿಸಬಹುದೇ? (ಹೊಸನಗರ)

ಉತ್ತರ: ಮಾಮೂಲಿ ಲೈನರ್ ಲಾಕ್ ಬೇಡ. ಬಲಗೈ ಹೆಬ್ಬೆರಳು ತಳ್ಳುವ ದಿಕ್ಕಿಗೆ ಹೊಂದುವಂತೆ ಪಟ್ಟಿ ಇಟ್ಟಿರುತ್ತಾರೆ. ಎಡಗೈಯಲ್ಲಿ ತೋರುಬೆರಳು ಬಾಗಿಸಿ ಎಳೆದು ಮಡಚಬೇಕಾಗುತ್ತದೆ. ಅದನ್ನಾದರೂ ರೂಢಿ ಮಾಡಿಕೊಳ್ಳಬಹುದು. ತೊಂದರೆ ಇರುವುದು ಬಿಗಿಯಾಗಿ ಹಿಡಿದಾಗ: ಎಡಗೈ ಬೆರಳಿನ ಮಾಂಸಲ ಭಾಗ ಪಟ್ಟಿಯನ್ನು ಬಿಡಿಸುವ ಕಡೆಗೇ ಒತ್ತುವ ಸಾಧ್ಯತೆ ಇದೆ. ಹಿಡಿಯ ಬೆನ್ನಿನಲ್ಲಿ ಗುಂಡಿ ಇರುವ ಬ್ಯಾಕ್ ಲಾಕ್ ಕೊಡಿಸಿ, ಎರಡೂ ಕೈಗೆ ಒಂದೇ. ಅದರ ಕಚ್ಚಿನಲ್ಲಿಯೂ ಜೇಬಿನ ಕಸ ಕೂರುತ್ತದೆ, ತಿಂಗಳಿಗೊಮ್ಮೆ ಕಡ್ಡಿಯಿಂದ ತೆಗೆಯಲು ಅವಳಿಗೇ ಹೇಳಿಕೊಡಿ.