ಔಷಧಿ ಯಾವ ಬ್ಯಾಗಿಗೆ?

ಪ್ರಶ್ನೆ: ನನಗೆ 67 ವರ್ಷ. ಮೂರು ತಿಂಗಳು ಮಗಳ ಮನೆಯಲ್ಲಿರಲು ಮೊದಲ ಸಲ ಒಬ್ಬಳೇ ವಿದೇಶಕ್ಕೆ ಹೊರಟಿದ್ದೇನೆ. ಬಿಪಿ ಮಾತ್ರೆ, ಇನ್ಸುಲಿನ್ ಎರಡೂ ನಡೆಯುತ್ತಿವೆ. ಮಾತ್ರೆಗಳನ್ನೆಲ್ಲ ಬಿಡಿಸಿ ಡಬ್ಬಿಗೆ ತುಂಬಿ, ದೊಡ್ಡ ಸೂಟ್‌ಕೇಸಿನಲ್ಲಿ ಭದ್ರವಾಗಿಡು ಅನ್ನುತ್ತಾರೆ ನಮ್ಮ ಯಜಮಾನರು. ಕೈಯಲ್ಲಿಟ್ಟುಕೊಂಡರೆ ತಪಾಸಣೆಯವರು ಸೂಜಿ ನೋಡಿ ತಡೆಯುತ್ತಾರೆಂಬ ಭಯ ನನಗೂ ಇದೆ.

ಉತ್ತರ: ಇದೊಂದು ವಿಷಯದಲ್ಲಿ ಯಜಮಾನರ ಮಾತು ಕೇಳಬೇಡಿ, ಅಮ್ಮಾ. ವರ್ಷಾನುಗಟ್ಟಲೆ ಚೆಕ್-ಇನ್ ಕೌಂಟರಿನಲ್ಲಿ ಕೂತವಳು ನಾನು. ಬೆಲ್ಟಿನ ಮೇಲೆ ಸಾಗಿಹೋದ ಸೂಟ್‌ಕೇಸ್ ನೀವು ಇಳಿಯುವ ಹೊತ್ತಿಗೆ ಅಲ್ಲೇ ಇರುತ್ತದೆಂದು ಯಾರೂ ಖಾತ್ರಿ ಕೊಡಲಾರರು. ಬಟ್ಟೆ ಎರಡು ದಿನ ತಡವಾದರೆ ಮಗಳದ್ದು ಉಟ್ಟುಕೊಳ್ಳಬಹುದು, ಇನ್ಸುಲಿನ್ನಿಗೆ ಹಾಗೆ ಮಾಡುವಂತಿಲ್ಲವಲ್ಲ. ಅದೂ ಅಲ್ಲದೆ, ವಿಮಾನದ ಹೊಟ್ಟೆಯಲ್ಲಿ ಚಳಿ ಹೆಚ್ಚಾಗಿ ಇನ್ಸುಲಿನ್ ಹೆಪ್ಪುಗಟ್ಟುವ ಅಪಾಯವಿದೆ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೆ ನೋಡಲು ಸರಿಯಾಗೇ ಕಂಡರೂ ನಂಬುವಂತಿಲ್ಲ, ಎಸೆಯಬೇಕು. ಅದೇ ಕಾರಣಕ್ಕೆ ಐಸ್ ಪ್ಯಾಕನ್ನೂ ಅದಕ್ಕೆ ನೇರವಾಗಿ ತಾಗಿಸಬೇಡಿ, ನಡುವೆ ಒಂದು ಬಟ್ಟೆ ಸುತ್ತಿ.

ಸೂಜಿಗೆ ಹೆದರಬೇಕಾದ್ದಿಲ್ಲ. ಇನ್ಸುಲಿನ್ ಮತ್ತು ವೈದ್ಯರ ಚೀಟಿ ಜೊತೆಗಿದ್ದರೆ ಸೂಜಿಯನ್ನು ಸಾಮಾನ್ಯವಾಗಿ ಒಳಗೆ ಬಿಡುತ್ತಾರೆ. ದ್ರವಗಳಿಗಿರುವ 100 ಮಿಲಿಲೀಟರ್ ಮಿತಿಯಿಂದಲೂ ಅಗತ್ಯ ಔಷಧಿಗೆ ವಿನಾಯಿತಿ ಉಂಟು. ಅವರು ಹುಡುಕಿ ತೆಗೆಯುವವರೆಗೆ ಕಾಯದೆ, ಟ್ರೇಗೆ ಇಡುವಾಗಲೇ ‘ಇದರಲ್ಲಿ ಇನ್ಸುಲಿನ್ ಇದೆ’ ಎಂದುಬಿಡಿ. ಸುಮ್ಮನೆ ನಿಂತವರ ಬ್ಯಾಗೇ ಹೆಚ್ಚು ಹೊತ್ತು ಪಕ್ಕದ ಮೇಜಿನ ಮೇಲೆ ಕೂರುವುದು.

ಇನ್ನು ಆ ಡಬ್ಬಿಯ ವಿಚಾರ. ಬಿಡಿಸಿದ ಬಿಳಿ ಮಾತ್ರೆ ಯಾವುದೆಂದು ಕಸ್ಟಮ್ಸಿನವರಿಗೆ ಹೇಗೆ ಗೊತ್ತಾಗಬೇಕು? ಸ್ಟ್ರಿಪ್ಪಿನಲ್ಲೇ ಇರಲಿ. ಕತ್ತರಿಸುವುದಾದರೆ ಹೆಸರು, ಎಕ್ಸ್‌ಪೈರಿ ದಿನಾಂಕ ಇರುವ ತುದಿ ಉಳಿಯಲಿ. ಚೀಟಿಯಲ್ಲಿ ಬ್ರಾಂಡಿನ ಹೆಸರಲ್ಲದೆ ಔಷಧಿಯ ಮೂಲ ಹೆಸರು, ಪ್ರಮಾಣ ಎರಡನ್ನೂ ಇಂಗ್ಲಿಷಿನಲ್ಲಿ ಬರೆಸಿ, ವೈದ್ಯರ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ಬ್ರಾಂಡು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಕೆಲವೊಮ್ಮೆ ಮೂಲ ಹೆಸರೂ ಬದಲಾಗುವುದುಂಟು: ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೋಫೆನ್, ಉಬ್ಬಸದ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್. ಮೂರು ತಿಂಗಳ ದಾಸ್ತಾನು ಒಯ್ಯಬಹುದೇ ಅನ್ನುವುದನ್ನು ಆ ದೇಶದ ರಾಯಭಾರ ಕಚೇರಿಯ ಜಾಲತಾಣದಲ್ಲಿ ಮಗಳಿಂದಲೇ ನೋಡಿಸಿ. ಕೆಲವು ದೇಶಗಳು ಒಂದು ತಿಂಗಳಿಗಿಂತ ಹೆಚ್ಚಿನದಕ್ಕೆ ಮುಂಚಿತ ಅನುಮತಿ ಕೇಳುತ್ತವೆ. ನೆಗಡಿ, ಕೆಮ್ಮಿನ ಮಾತ್ರೆಗಳನ್ನಂತೂ ಹಗುರವಾಗಿ ಕಾಣಬೇಡಿ. ಕಟ್ಟಿದ ಮೂಗು ಬಿಡಿಸುವ ಸ್ಯೂಡೋಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚು ಇರುವ ಔಷಧಿ ಜಪಾನಿನಲ್ಲಿ ನಿಷಿದ್ಧ. ಕೆಲವು ಕೆಮ್ಮಿನ ಸಿರಪ್, ನೋವಿನ ಮಾತ್ರೆಗಳಲ್ಲಿರುವ ಕೊಡೀನ್, ಟ್ರಮಡಾಲ್ ಇರುವುದನ್ನು ಯುಎಇಗೆ ಅನುಮತಿಯಿಲ್ಲದೆ ಒಯ್ದರೆ ಜೈಲಿನವರೆಗೂ ಹೋಗಬಹುದು.

ಹೊರಡುವ ಮೊದಲು ವೈದ್ಯರನ್ನು ಒಂದು ಮಾತು ಕೇಳಿ: ಹಾರುವ ದಿನ ಯಾವ ಡೋಸ್, ಎಷ್ಟು ಗಂಟೆಗೆ? ಪಶ್ಚಿಮಕ್ಕೆ ಹಾರಿದರೆ ದಿನ ಉದ್ದವಾಗುತ್ತದೆ, ಪೂರ್ವಕ್ಕೆ ಹಾರಿದರೆ ಗಿಡ್ಡವಾಗುತ್ತದೆ. ಲೆಕ್ಕವನ್ನು ಅವರೇ ಕಾಗದದ ಮೇಲೆ ಬರೆದುಕೊಡಲಿ. ಊಟ ಕೈಗೆ ಬರುವ ಮುನ್ನವೇ ಇನ್ಸುಲಿನ್ ತೆಗೆದುಕೊಳ್ಳಬೇಡಿ, ವಿಮಾನ ಕುಲುಕತೊಡಗಿದರೆ ಊಟ ಹಂಚುವುದನ್ನೇ ನಿಲ್ಲಿಸಿಬಿಡುತ್ತಾರೆ. ಜೇಬಿನಲ್ಲಿ ಸ್ವಲ್ಪ ಸಕ್ಕರೆಯೋ ಗ್ಲೂಕೋಸ್ ಮಾತ್ರೆಯೋ ಇರಲಿ.

ಪ್ರಶ್ನೆ: ಪಾಸ್‌ಪೋರ್ಟ್, ವೀಸಾ, ವಿಮೆ, ಟಿಕೆಟ್ ಎಲ್ಲವನ್ನೂ ಸ್ಕ್ಯಾನ್ ಮಾಡಿ ನನ್ನ ಇಮೇಲಿಗೆ ಕಳಿಸಿಕೊಂಡಿದ್ದೇನೆ. ಇಷ್ಟು ಸಾಕಲ್ಲವೇ?

ಉತ್ತರ: ಫೋನ್ ಕೈಯಲ್ಲಿರುವವರೆಗೆ ಸಾಕು. ಅದೂ ಕಳುವಾಯಿತೆನ್ನಿ. ಬೇರೆ ಕಂಪ್ಯೂಟರಿನಲ್ಲಿ ಇಮೇಲ್ ತೆರೆಯಲು ಕೂತರೆ ಒಟಿಪಿ ಕೇಳುತ್ತದೆ, ಒಟಿಪಿ ಬರುವುದು ಕಳುವಾದ ಫೋನಿಗೇ! ಆದ್ದರಿಂದ ಇಮೇಲಿನ ಸೆಟ್ಟಿಂಗ್ಸ್‌ನಲ್ಲಿ ಸಿಗುವ, ಒಟಿಪಿ ಬದಲಿಗೆ ಬಳಸುವ ಬ್ಯಾಕಪ್ ಕೋಡುಗಳನ್ನು ಮುದ್ರಿಸಿ, ಪಾಸ್‌ಪೋರ್ಟಿನ ನೆರಳಚ್ಚು ಪ್ರತಿ ಮತ್ತು ಎರಡು ಫೋಟೊಗಳೊಂದಿಗೆ ಬೇರೆ ಚೀಲದಲ್ಲಿಡಿ. ಮನೆಯವರ ಫೋನ್ ನಂಬರ್, ಬ್ಯಾಂಕಿನ ಕಾರ್ಡ್ ನಿಲ್ಲಿಸುವ ನಂಬರ್, ವಿಮೆಯ ಪಾಲಿಸಿ ಸಂಖ್ಯೆ ಇವನ್ನು ಪೆನ್ನಿನಲ್ಲಿ ಕಾಗದದ ಮೇಲೆ ಬರೆದುಕೊಳ್ಳಿ. ಈಗ ಯಾರಿಗೂ ಸ್ವಂತ ಮನೆಯ ನಂಬರೇ ಬಾಯಿಪಾಠವಿಲ್ಲ, ನನಗೂ ಅಷ್ಟೆ.

ಪಾಸ್‌ಪೋರ್ಟೇ ಹೋದರೆ ಮೊದಲು ಅಲ್ಲಿನ ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿ ಹಿಡಿದು ನಿಮ್ಮ ದೇಶದ ರಾಯಭಾರ ಕಚೇರಿಗೆ ಹೋಗಿ. ಊರಿಗೆ ಮರಳಲು ತುರ್ತು ಪ್ರಯಾಣ ಪತ್ರ ಸಿಗುತ್ತದೆ. ವೀಸಾ ಹಳೆಯ ಪಾಸ್‌ಪೋರ್ಟಿನಲ್ಲೇ ಹೋಗಿರುತ್ತದಾದ್ದರಿಂದ, ಆ ದೇಶ ಬಿಟ್ಟು ಹೊರಡಲು ಅಲ್ಲಿನ ವಲಸೆ ಇಲಾಖೆಯ ಅನುಮತಿ ಬೇಕೇ ಎಂದು ಅಲ್ಲೇ ವಿಚಾರಿಸಿ. ಕಳೆದಿದೆಯೆಂದು ವರದಿ ಮಾಡಿದ ಪಾಸ್‌ಪೋರ್ಟ್ ಮರುದಿನ ಹಾಸಿಗೆಯ ಕೆಳಗೆ ಸಿಕ್ಕಿತೆಂದು ಅದನ್ನೇ ಹಿಡಿದು ಹೊರಡಬೇಡಿ. ಅದು ರದ್ದಾಗಿರುತ್ತದೆ. ಅದರ ಸಂಖ್ಯೆ ಇಂಟರ್‌ಪೋಲ್‌ನ ಕಳುವಾದ ದಾಖಲೆಗಳ ಪಟ್ಟಿ ಸೇರಿದ್ದರೆ ಗಡಿಯಲ್ಲೇ ತಡೆಯುತ್ತಾರೆ.

ಪ್ರಶ್ನೆ: ಪರಿಚಿತರೊಬ್ಬರು ತಮ್ಮ ಮಗನಿಗೆ ತಲುಪಿಸಲು ಸೀಲ್ ಮಾಡಿದ ಒಂದು ಸಣ್ಣ ಪೊಟ್ಟಣ ಕೊಡುತ್ತಿದ್ದಾರೆ. ಬೇಡವೆಂದರೆ ಬೇಸರ ಮಾಡಿಕೊಳ್ಳುತ್ತಾರೆ.

ಉತ್ತರ: ಮಾಡಿಕೊಳ್ಳಲಿ. ಬ್ಯಾಗು ನೀವೇ ತುಂಬಿದಿರಾ, ಬೇರೆಯವರು ಏನಾದರೂ ಕೊಟ್ಟಿದ್ದಾರಾ ಎಂಬ ಪ್ರಶ್ನೆ ಕೇಳುತ್ತಿದ್ದವಳು ನಾನು. ಯೋಚಿಸದೆ ‘ಇಲ್ಲ’ ಅಂದುಬಿಟ್ಟು, ಆಮೇಲೆ ಮುಖ ಬಿಳುಚಿಕೊಂಡವರನ್ನು ಕಂಡಿದ್ದೇನೆ. ಒಳಗೆ ಸಿಕ್ಕಿದ್ದಕ್ಕೆ ಮೊದಲು ಉತ್ತರ ಕೊಡಬೇಕಾದವರು ಕೊಟ್ಟವರಲ್ಲ, ಒಯ್ದವರು. ತೀರಾ ಹತ್ತಿರದವರಾದರೆ ಅವರ ಎದುರಿಗೇ ಸೀಲ್ ಒಡೆದು, ಒಂದೊಂದನ್ನೂ ನೋಡಿ, ನೀವೇ ಮತ್ತೆ ಕಟ್ಟಿ. ಅದಕ್ಕೆ ಒಪ್ಪದಿದ್ದರೆ ಕೊರಿಯರ್ ಇದೆಯಲ್ಲ.

ಪ್ರಶ್ನೆ: ಪವರ್ ಬ್ಯಾಂಕ್ ಸೂಟ್‌ಕೇಸಿಗೆ ಹಾಕಬಹುದೇ?

ಉತ್ತರ: ಕೂಡದು, ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್ನಿನಲ್ಲಿ ನೋಡಿ ಆರಿಸುವವರಿರುತ್ತಾರೆ, ಕೆಳಗೆ ಯಾರೂ ಇರುವುದಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್. ಮೇಲೆ ಬರೆದ ಎಂಎಎಚ್ ಸಂಖ್ಯೆಯನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. 20,000 ಎಂಎಎಚ್‌ನದು 74, ಒಯ್ಯಬಹುದು. ಅಕ್ಷರ ಅಳಿಸಿಹೋಗಿದ್ದರೆ ಮಾತ್ರ ಕೆಲವು ಕಡೆ ಕಿತ್ತಿಟ್ಟುಕೊಳ್ಳುತ್ತಾರೆ. ವಿಮಾನದೊಳಗೆ ಅದನ್ನು ಬಳಸಬಹುದೇ, ಎಷ್ಟು ಒಯ್ಯಬಹುದು ಅನ್ನುವುದು ಒಂದೊಂದು ಸಂಸ್ಥೆಗೆ ಒಂದೊಂದು ಥರ, ಟಿಕೆಟಿನ ಜೊತೆ ಬಂದ ನಿಯಮ ಓದಿಕೊಳ್ಳಿ.