ಗಾಲಿಯ ಪ್ರಾಯ

ತಮ್ಮಾ,

ನಿನ್ನ ಪ್ರಶ್ನೆ ಬಂದಾಗ ನಾನು ಹೊಲದಲ್ಲಿದ್ದೆ. ಎಳ್ಳ ಅಮಾವಾಸ್ಯೆಗೆಂದು ಈ ಸಲ ಊರಿಗೆ ಬಂದಿದ್ದೇನೆ, ಆಳಂದ ತಾಲ್ಲೂಕಿನ ನಮ್ಮ ಹಳ್ಳಿಗೆ. ಚರಗ ಚೆಲ್ಲಿ, ಭಜ್ಜಿ ಮತ್ತು ಸಜ್ಜೆ ರೊಟ್ಟಿ ಉಂಡು, ಬನ್ನಿ ಗಿಡದ ಕೆಳಗೆ ಕಾಲು ಚಾಚಿದ್ದೆ. ಆಗಲೇ ಮೊಬೈಲ್ ನಡುಗಿತು. ಕಚೇರಿಯ ಸಹೋದ್ಯೋಗಿಯೊಬ್ಬರು ಹಳೆಯ ಆರ್‌ವಿ, ಅಂದರೆ ಒಳಗೇ ಅಡುಗೆ ಮಾಡಿ ಮಲಗುವ ಮನೆಗಾಡಿ, ಮಾರುತ್ತಿದ್ದಾರೆ, ಮೇ ತಿಂಗಳಲ್ಲಿ ಅಪ್ಪ ಅಮ್ಮ ಸೇಡಂನಿಂದ ಬರುತ್ತಾರೆ, ಅವರನ್ನು ಕೂರಿಸಿಕೊಂಡು ಯಾವುದಾದರೂ ಆರ್‌ವಿ ಕ್ಲಬ್ಬಿನ ರ‍್ಯಾಲಿಗೆ ಹೋಗುವ ಆಸೆ ಎಂದು ಬರೆದಿದ್ದೀಯೆ. ಗಾಡಿ ತೆಗೆದುಕೊಳ್ಳಲೇ, ನಮ್ಮಂಥವರನ್ನು ಅಲ್ಲಿ ಸೇರಿಸಿಕೊಳ್ಳುತ್ತಾರೆಯೇ, ಲೈಸೆನ್ಸ್ ಏನು, ಅಡುಗೆ ಹೇಗೆ, ಕಕ್ಕಸು ಹೇಗೆ, ಓಡಿಸುವುದು ಅಪಾಯವೇ? ಎಲ್ಲವೂ ಒಂದೇ ಉಸಿರಿಗೆ.

ನೀನು ಎಂದು ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ಅಮೆರಿಕಕ್ಕೆ ಹೋಗಿ ಎಂಟು ತಿಂಗಳಾದ ಸೇಡಂ ಹುಡುಗನನ್ನು ‘ನೀವು’ ಎಂದರೆ ನನ್ನ ನಾಲಿಗೆಯೇ ತೊಡರುತ್ತದೆ.

ನಾನು ಹೋದದ್ದು 2001ರಲ್ಲಿ. ಆಗ ಕಲಬುರಗಿಯಲ್ಲಿ ವಿಮಾನ ಇಳಿಯುತ್ತಿರಲಿಲ್ಲ, ಸರ್ಕಾರಿ ಕಾಗದದಲ್ಲಿ ಊರಿನ ಹೆಸರೂ ಗುಲ್ಬರ್ಗವೇ ಆಗಿತ್ತು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬಯಿ, ಅಲ್ಲಿಂದ ಆಚೆ. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಕಡಕ್ ರೊಟ್ಟಿಯೇ ಹೆಚ್ಚು. ಉತ್ತರ ಕೆರೊಲಿನಾದಲ್ಲಿ ಇಳಿದ ಎರಡನೆಯ ದಿನ ಹೆದ್ದಾರಿಯಲ್ಲಿ ಒಂದು ಮನೆ ಓಡುತ್ತಿರುವುದನ್ನು ಕಂಡೆ. ಕಿಟಕಿಗೆ ಪರದೆ, ಪಕ್ಕದಲ್ಲಿ ಬಾಗಿಲು, ಬಂಡಿಯ ಹಿಂದೆ ಕರು ಕಟ್ಟಿದ ಹಾಗೆ ಹಿಂದೊಂದು ಕಾರು. ಪಾಪ, ಯಾರನ್ನೋ ಮನೆ ಬಿಡಿಸಿದ್ದಾರೆ ಎಂದುಕೊಂಡೆ. ಜೊತೆಗಿದ್ದ ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. ಅವರು ನಿವೃತ್ತರು, ಸುಖಕ್ಕೆ ತಿರುಗುತ್ತಿದ್ದಾರೆ ಎಂದ. ಅಂದೇ ತಲೆಯಲ್ಲಿ ಒಂದು ಹುಳ ಹೊಕ್ಕಿತು: ಗಾಣಗಾಪುರ, ಪಂಢರಪುರ ಬಿಟ್ಟು ಬೇರೆ ಪ್ರಯಾಣ ಕಾಣದ ಅಪ್ಪ ಅವ್ವನನ್ನು ಒಮ್ಮೆ ಇಂಥದರಲ್ಲಿ ತಿರುಗಿಸಬೇಕು. ಆದ್ದರಿಂದ ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ಹೆದರಿಕೆಯಾಗುವುದೂ ಅದಕ್ಕೇ.

ಸಣ್ಣ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಲೈಸೆನ್ಸ್ ಗಾಡಿಯ ತೂಕದ ಮೇಲೆ, ರಾಜ್ಯದ ಮೇಲೆ ಹೋಗುತ್ತದೆ. ನಿನ್ನ ರಾಜ್ಯದ ಇಲಾಖೆಯಲ್ಲೇ ಕೇಳು. ಕಕ್ಕಸಿನ ತೊಟ್ಟಿ ಖಾಲಿ ಮಾಡುವುದು ನೀನು ಅಂದುಕೊಂಡಷ್ಟು ಹೇಸಿಗೆಯದಲ್ಲ. ಕೈಗವಸು ಹಾಕಿಕೋ, ಮೊದಲು ಕಕ್ಕಸಿನದು, ಆಮೇಲೆ ಸ್ನಾನ ಮುಸುರೆಯ ನೀರು. ಆ ನೀರೇ ಕೊಳವೆ ತೊಳೆಯುತ್ತದೆ. ಅಡುಗೆ ನಿನ್ನ ಒಲೆ, ನಿನ್ನ ಇಷ್ಟ. ಅಪ್ಪ ಅಮ್ಮನಿಗೆ ಪ್ರವಾಸಿಗರ ಆರೋಗ್ಯ ವಿಮೆಯನ್ನು ಅವರು ವಿಮಾನ ಹತ್ತುವ ಮೊದಲೇ ಮಾಡಿಸು. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದು ಮುಂದೆ ತಿಳಿಯುತ್ತದೆ.

ಇನ್ನು ರ‍್ಯಾಲಿ. ಹೆಸರು ಕೇಳಿ ಮೆರವಣಿಗೆ, ಘೋಷಣೆ ಎಂದು ತಿಳಿಯಬೇಡ. ಅದು ಬಂಡಿ ಬಿಟ್ಟ ಜಾತ್ರೆ, ಅಷ್ಟೇ. ಫ್ಯಾಮಿಲಿ ಮೋಟರ್ ಕೋಚ್ ಅಸೋಸಿಯೇಷನ್ ಎಂಬ ದೊಡ್ಡ ಸಂಘ ಹುಟ್ಟಿದ ಕಥೆ ಕೇಳು. 1963ರ ಜುಲೈ 20ರಂದು ಖಗ್ರಾಸ ಸೂರ್ಯಗ್ರಹಣವಿತ್ತು. ಅದನ್ನು ನೋಡಲು ಕೆಲವು ಕುಟುಂಬಗಳು ತಮ್ಮ ಗಾಡಿಗಳೊಂದಿಗೆ ಮೇನ್ ರಾಜ್ಯದ ಹಿಂಕ್ಲಿಯಲ್ಲಿ ಸೇರಿದವು. ಅಲ್ಲಿಯೇ ಸಂಘ ಕಟ್ಟಿಕೊಂಡವು. ಗ್ರಹಣದ ದಿನ ನಮ್ಮವ್ವ ಹೊಸ್ತಿಲು ದಾಟಲು, ಗುಟುಕು ನೀರು ಕುಡಿಯಲು ಬಿಡುತ್ತಿರಲಿಲ್ಲ. ಇವರು ಬಂಡಿ ಹೂಡಿಕೊಂಡು ಹೋಗಿ ಗ್ರಹಣದಲ್ಲೇ ಮುಹೂರ್ತ ಮಾಡಿದರು. ಅವ್ವನಿಗೆ ಇದನ್ನು ಹೇಳಿದಾಗ, ಆ ಸಂಘ ಇನ್ನೂ ಇದೆಯೇ ಎಂದು ಕೇಳಿದಳು. ಇದೆ ಎಂದೆ. ನಂಬಲಿಲ್ಲ.

ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿದ್ದೀಯೆ. ನಾನು ಮೊದಲು ಹೋದದ್ದು ಒಂದು ಪ್ರಾದೇಶಿಕ ಕೂಟಕ್ಕೆ, 2010ರ ಅಕ್ಟೋಬರಿನಲ್ಲಿ. ಜಾತ್ರೆ ಬಯಲಿನಂಥ ಮೈದಾನ, ಸಾಲು ಸಾಲು ಗಾಡಿ. ನಮ್ಮ ಸಾಲಿನಲ್ಲಿ ನಮ್ಮ ಬಣ್ಣದವರು ನಾವಿಬ್ಬರೇ, ನಾನು ಮತ್ತು ನನ್ನ ಹೆಂಡತಿ. ಎರಡು ಗಂಟೆ ನಗುವುದು, ಕೈ ಬೀಸುವುದು, ಅಷ್ಟರಲ್ಲೇ ಇತ್ತು. ಆಮೇಲೆ ನಮ್ಮ ನೀರಿನ ಪೈಪು ಸೋರಲು ಶುರುವಾಯಿತು. ಎಡಗಡೆಯ ಮುದುಕ ಜೇಬಿನಿಂದ ಒಂದು ರಬ್ಬರ್ ವಾಷರ್ ತೆಗೆದ, ಬಲಗಡೆಯಾತ ನೀರಿನ ಒತ್ತಡ ತಗ್ಗಿಸುವ ಹಿತ್ತಾಳೆಯ ಬಿರಡೆ ತಂದ. ಸಂಜೆಗೆ ಎಲ್ಲರೂ ಒಂದೊಂದು ಪಾತ್ರೆ ಅಡುಗೆ ತಂದು ಉದ್ದನೆಯ ಮೇಜಿನ ಮೇಲೆ ಇಟ್ಟು ಉಣ್ಣುವ ರೂಢಿ. ನಾವು ಎಣ್ಣೆಗಾಯಿ, ಶೇಂಗಾ ಚಟ್ನಿ ಇಟ್ಟೆವು. ನೀನು ಶೇಂಗಾ ಇಡುವುದಾದರೆ ದೊಡ್ಡ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸು. ಶೇಂಗಾ ತಾಗಿದರೆ ಉಸಿರುಗಟ್ಟುವ ಜನ ಅಲ್ಲಿದ್ದಾರೆ. ನಮ್ಮ ಕಡೆ ನಂಬುವ ಮಾತಲ್ಲ, ಆದರೆ ನಿಜ.

ಮೂರು ದಿನ ಕಲಿಸುತ್ತಾರೆ, ಅದೂ ಕೈಹಿಡಿದು. ಬೆಂಕಿ ನಂದಿಸುವ ಸಿಲಿಂಡರನ್ನು ಕೈಗೆ ಕೊಟ್ಟು ನಿಜವಾದ ಬೆಂಕಿಯ ಮುಂದೆ ನಿಲ್ಲಿಸಿದರು. ಜ್ವಾಲೆಗಲ್ಲ, ಬುಡಕ್ಕೆ ಹೊಡೆಯಬೇಕು. ಸಣ್ಣ ಸಿಲಿಂಡರ್ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿ. ಆದ್ದರಿಂದ ಮೊದಲು ಜನ ಹೊರಗೆ, ಆಮೇಲೆ ನಿನ್ನ ಶೌರ್ಯ. ತುರ್ತು ಕಿಟಕಿಯನ್ನು ಒಮ್ಮೆ ತೆರೆದು ನೋಡಿ ಎಂದರು. ನಮ್ಮದರ ರಬ್ಬರು ಅಂಟಿಕೊಂಡಿತ್ತು. ಹೆಂಡತಿ ಎರಡೂ ಕಾಲು ಕೊಟ್ಟು ಒದ್ದ ಮೇಲೆ ಬಿಚ್ಚಿತು. ಅದರ ಕೆಳಗೇ ನಾವು ಒಂದು ವರ್ಷ ನಿಶ್ಚಿಂತೆಯಿಂದ ಮಲಗಿದ್ದೆವು. ಅಡುಗೆ ಅನಿಲ ಗಾಳಿಗಿಂತ ಭಾರ, ಆದ್ದರಿಂದ ಅದರ ಸೋರಿಕೆ ತಿಳಿಸುವ ಯಂತ್ರ ನೆಲದ ಹತ್ತಿರ ಇರುತ್ತದೆ. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ಅದಕ್ಕೆ ಬೇರೆ ಯಂತ್ರ. ಎರಡಕ್ಕೂ ಆಯುಷ್ಯವಿದೆ, ಕೊಳ್ಳುವ ಮೊದಲು ಹಿಂದೆ ತಿರುಗಿಸಿ ತಾರೀಖು ನೋಡು.

ಎತ್ತರದ ವಿಷಯ. ಡರ್ಹಮ್ ನಗರದಲ್ಲಿ ಒಂದು ರೈಲು ಸೇತುವೆ ಇದೆ, ನಮ್ಮ ಮನೆಯಿಂದ ದೂರವಲ್ಲ. ಅದರ ಕೆಳಗಿನ ಎತ್ತರ 11 ಅಡಿ 8 ಇಂಚು ಇತ್ತು. ಎಷ್ಟು ಲಾರಿಗಳ ಮಾಡನ್ನು ಅದು ಡಬ್ಬಿಯ ಮುಚ್ಚಳದಂತೆ ಸುಲಿದಿದೆಯೆಂದರೆ, 2019ರಲ್ಲಿ ಸೇತುವೆಯನ್ನೇ 8 ಇಂಚು ಎತ್ತಿದರು. ಈಗಲೂ ಬಡಿದುಕೊಳ್ಳುವವರಿದ್ದಾರೆ. ಮಾಡಿನ ಮೇಲಿನ ಎಸಿಯನ್ನೂ ಸೇರಿಸಿ ನಿನ್ನ ಗಾಡಿಯ ಎತ್ತರ ಅಳೆದು, ಕಾಗದದಲ್ಲಿ ಬರೆದು ಸ್ಟಿಯರಿಂಗಿನ ಎದುರು ಅಂಟಿಸು. ಮೊಬೈಲ್ ನಕ್ಷೆ ನೀನು ಕಾರಿನಲ್ಲಿದ್ದೀಯೆ ಎಂದೇ ತಿಳಿದು ದಾರಿ ಹೇಳುತ್ತದೆ.

ರ‍್ಯಾಲಿಯಲ್ಲಿ ತೂಕವನ್ನೂ ಒಂದೊಂದು ಗಾಲಿಗೆ ಬೇರೆ ಬೇರೆ ಹಾಕಿ ನೋಡಿದರು. ನಾವು ಅಡುಗೆಮನೆಯ ಕಡೆಗೆ ತೊಗರಿಬೇಳೆ, ಜೋಳದ ಹಿಟ್ಟು, ನೀರಿನ ಕ್ಯಾನು ಎಲ್ಲ ತುಂಬಿದ್ದೆವು. ಗಾಡಿ ಒಂದು ಮಗ್ಗುಲಿಗೆ ವಾಲಿತ್ತು. ಎಷ್ಟು ಭಾರಕ್ಕೆ ಎಷ್ಟು ಗಾಳಿ ಎಂಬ ಪಟ್ಟಿ ಇರುತ್ತದೆ. ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಕದಲುವ ಮೊದಲು, ಟೈರು ತಣ್ಣಗಿದ್ದಾಗ.

ಟೈರಿನ ಮಾತು ಬಂತು. ನಾನು ಇಲ್ಲಿಯವರೆಗೆ ಸುತ್ತಿ ಸುತ್ತಿ ಬಂದದ್ದೇ ಇದಕ್ಕೆ.

ಗಾಡಿ ಕೊಂಡದ್ದು 2009ರಲ್ಲಿ, ಹಳೆಯದೇ, 26 ಅಡಿ, ಹಿಂದೆ ಜೋಡಿಗಾಲಿ. ಯಾರದೋ ಕೊಟ್ಟಿಗೆಯಲ್ಲಿ ಬಹಳ ದಿನ ನಿಂತಿತ್ತು. ಟೈರಿನ ಹಲ್ಲು ಸವೆದಿರಲಿಲ್ಲ, ಹೊಸದರಂತೆ ಕಪ್ಪಗೆ ಮಿನುಗುತ್ತಿತ್ತು. 2010ರ ಜೂನಿನಲ್ಲಿ ಅಪ್ಪ ಅವ್ವ ಬಂದಿದ್ದರು. ಬೆಟ್ಟದ ಕಡೆಗೆ, ಆಶ್‌ವಿಲ್‌ಗೆ ಹೊರಟೆವು. ಬೀಳ್ಕೊಡಲು ಇಬ್ಬರು ಗೆಳೆಯರೂ ಬಂದಿದ್ದರು. ಅಪ್ಪ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು ಗಾಡಿಯನ್ನು ಎರಡು ಸುತ್ತು ಹಾಕಿದ. ಮುಂದಿನ ಬಲಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ಹೆಬ್ಬೆರಳಿನಿಂದ ಒತ್ತಿ ನೋಡಿ, “ಇದರ ಪ್ರಾಯ ಎಷ್ಟು?” ಎಂದು ಕೇಳಿದ.

ಆಳಂದದ ಸಂತೆಯಲ್ಲಿ ಎತ್ತಿನ ತುಟಿ ಸರಿಸಿ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದೆ ಎಂದು ಅದರ ಪ್ರಾಯ ಹೇಳುತ್ತಿದ್ದ ಮನುಷ್ಯ. ನನಗೆ ಗೆಳೆಯರ ಮುಂದೆ ನಗು ಬಂತು, ನಾಚಿಕೆಯೂ ಬಂತು. “ಅಪ್ಪಾ, ಇದು ಎತ್ತಲ್ಲ. ನಿನಗೆ ತಿಳಿಯುವುದಲ್ಲ ಬಿಡು, ಹತ್ತು,” ಎಂದೆ. ಹತ್ತಿದ.

ಎರಡು ಗಂಟೆ ಓಡಿಸಿದ ಮೇಲೆ ನನಗೆ ಚಹಾ ಬೇಕೆನಿಸಿತು. ಓಡುವ ಗಾಡಿಯಲ್ಲಿ ಒಲೆ ಹಚ್ಚುವುದು ನನಗೆ ಆಗ ಹೆಮ್ಮೆಯ ವಿಷಯ. “ಅವ್ವಾ, ಒಂದು ಕಪ್ ಆಗಲಿ” ಎಂದು ನಾನೇ ಕೇಳಿದೆ. ಅವ್ವ ಬೆಲ್ಟು ಬಿಚ್ಚಿ ಎದ್ದಳು. ನೀರು ಇನ್ನೂ ಬಿಸಿಯಾಗಿರಲಿಲ್ಲ, ಅದೊಂದು ಪುಣ್ಯ. ಅದೇ ಬಲಗಾಲಿ ಸಿಡಿಯಿತು. ಗಾಡಿ ಬಲಕ್ಕೆ ಎಳೆಯಿತು, ನಾನು ಮಾಡಬಾರದ್ದನ್ನೇ ಮಾಡಿದೆ, ಜೋರಾಗಿ ಬ್ರೇಕ್ ತುಳಿದೆ. ಅಂಥ ಹೊತ್ತಿನಲ್ಲಿ ಬ್ರೇಕ್ ಮುಟ್ಟಬಾರದು, ತಮ್ಮಾ. ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು, ಗಾಡಿ ನೇರವಾಗುವವರೆಗೆ ಆಕ್ಸಿಲರೇಟರ್ ಮೇಲಿನ ಕಾಲು ತಟ್ಟನೆ ಎತ್ತದೆ, ಆಮೇಲೆ ತಾನಾಗಿ ನಿಧಾನವಾಗಲು ಬಿಡಬೇಕು. ಇದನ್ನೂ ರ‍್ಯಾಲಿಯಲ್ಲಿ ಕಲಿತೆ, ನಾಲ್ಕು ತಿಂಗಳು ತಡವಾಗಿ. ಅಂದು ತಡೆಕಂಬಿಗೆ ಮೈ ಉಜ್ಜಿಕೊಂಡು ಗಾಡಿ ನಿಂತಿತು. ಅವ್ವ ಬಿದ್ದಿದ್ದಳು. ಬಲಗೈ ಮಣಿಕಟ್ಟು ಮುರಿದಿತ್ತು.

ಅಪ್ಪ ಟವೆಲನ್ನು ಮಡಚಿ ಅವಳ ಕೈಯನ್ನು ಕೊರಳಿಗೆ ಜೋಲಿ ಕಟ್ಟಿದ. ಅವಳನ್ನು ನೆರಳಿಗೆ ಕೂರಿಸಿ, ಸಿಡಿದ ಗಾಲಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತ. ನನ್ನ ಕಡೆ ತಿರುಗಿ ನೋಡಲಿಲ್ಲ. ಒಂದು ಮಾತೂ ಆಡಲಿಲ್ಲ, ಅಂದಿಗೂ, ಆಮೇಲೂ. ಆಸ್ಪತ್ರೆಯ ಬಿಲ್ಲು ಎಷ್ಟಾಯಿತೆಂದು ಬರೆಯುವುದಿಲ್ಲ. ವಿಮೆ ಮಾಡಿಸಿರಲಿಲ್ಲ ಎಂದರೆ ಸಾಕು.

ನಾನು ಸಿಡಿದ ಒಂದೇ ಟೈರು ಬದಲಿಸಿದೆ. ಉಳಿದವು ಚೆನ್ನಾಗಿಯೇ ಕಾಣುತ್ತಿದ್ದವಲ್ಲ! ರ‍್ಯಾಲಿಯ ಎರಡನೆಯ ದಿನ ಟೈರಿನ ಪಾಠ. ಟೈರಿನ ಮಗ್ಗುಲಲ್ಲಿ ಡಿಓಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ ಎಂದರು. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಪೂರ್ತಿ ಸಾಲು ಟೈರಿನ ಒಂದೇ ಮಗ್ಗುಲಿಗೆ ಇರಬಹುದು. ಅದು ಒಳಮಗ್ಗುಲಾಗಿದ್ದರೆ ಗಾಡಿಯ ಕೆಳಗೆ ನುಸುಳಬೇಕು. ಅಂಗಾತ ಮಲಗಿ, ಬ್ಯಾಟರಿ ಬೆಳಕು ಬಿಟ್ಟು, ಕೆಸರು ಒರೆಸಿ ಓದಿದೆ: 1402. 2002ನೆಯ ಇಸವಿಯ ಹದಿನಾಲ್ಕನೆಯ ವಾರ. ಐದೂ ಗಾಲಿಗೆ ಅದೇ. ಆರ್‌ವಿ ಟೈರು ಓಡಿ ಸವೆಯುವುದಕ್ಕಿಂತ ನಿಂತು ಮುದಿಯಾಗುವುದು ಹೆಚ್ಚು, ಬಿಸಿಲಿಗೆ, ಗಾಳಿಗೆ ರಬ್ಬರು ಒಳಗೊಳಗೇ ಒಣಗುತ್ತದೆ ಎಂದು ಆ ಮೇಷ್ಟ್ರು ಹೇಳುತ್ತಿದ್ದುದು ಗಾಡಿಯ ಕೆಳಗಿನಿಂದಲೇ ಕೇಳಿಸಿತು. ಐದು ವರ್ಷ ದಾಟಿದ್ದನ್ನು ಪ್ರತಿವರ್ಷ ತಿಳಿದವರಿಗೆ ತೋರಿಸಬೇಕು, ಹತ್ತು ದಾಟಿದ್ದನ್ನು ಎಷ್ಟೇ ಚೆಂದ ಕಂಡರೂ ಇಟ್ಟುಕೊಳ್ಳಬಾರದು.

ನನಗೆ ಏಳಲು ಮನಸ್ಸಾಗಲಿಲ್ಲ. ಗಾಲಿಗೂ ಪ್ರಾಯವಿತ್ತು. ಕೇಳಿದವನು ಸರಿಯಾದುದನ್ನೇ ಕೇಳಿದ್ದ.

ಅಂದು ರಾತ್ರಿ ಊರಿಗೆ ಫೋನ್ ಮಾಡಿದೆ, ಇಲ್ಲಿ ಬೆಳಗಿನ ಜಾವ. ಅಪ್ಪನೇ ಎತ್ತಿದ. ಹೇಳಬೇಕೆಂದೇ ಮಾಡಿದ್ದೆ. “ಉಂಡೆಯಾ?” ಎಂದ. ಉಂಡೆ ಎಂದೆ. ಹಿಂಗಾರಿ ಜೋಳ ಬಿತ್ತಿದ್ದಾಯಿತು, ಭೂಮಿ ಹಸಿಯಾಗಿದೆ ಎಂದ. ಒಳ್ಳೆಯದಾಯಿತು ಎಂದೆ. ಅಷ್ಟರಲ್ಲೇ ಮುಗಿಯಿತು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡೆ. ಹೀಗೆ ಮೂರು ವರ್ಷ ಪ್ರತಿ ಭಾನುವಾರ ಫೋನ್ ಮಾಡಿದ್ದೇನೆ. 2013ರಲ್ಲಿ ಅಪ್ಪ ಹೋದ.

ಇವತ್ತು ಹೊಲದಲ್ಲಿ ರೊಟ್ಟಿ ಬಡಿದದ್ದು ನನ್ನ ತಮ್ಮನ ಹೆಂಡತಿ. ಅವ್ವ ಪಕ್ಕದಲ್ಲಿ ಕುಳಿತು ಎಡಗೈಯಲ್ಲಿ ಭಜ್ಜಿ ತಿರುವುತ್ತಿದ್ದಳು. ಬಂಡಿ ಹಿತ್ತಲಿನಲ್ಲಿ ಎತ್ತಿಲ್ಲದೆ ನಿಂತಿದೆ, ನಾವು ಹೋದದ್ದು ಟ್ರ್ಯಾಕ್ಟರಿನಲ್ಲಿ.

ತೆಗೆದುಕೊಳ್ಳಲೇ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಕೊಟ್ಟಿಲ್ಲ. ಈ ಶನಿವಾರ ಹಳೆಯ ಬಟ್ಟೆ ಹಾಕಿಕೊಂಡು ಆ ಗಾಡಿ ಇರುವಲ್ಲಿಗೆ ಹೋಗು, ಬ್ಯಾಟರಿ ಒಯ್ಯಿ. ಎಲ್ಲ ಗಾಲಿಗಳ ನಾಲ್ಕಂಕಿ ಬರೆದು ನನಗೆ ಕಳುಹಿಸು. ಜೋಡಿಗಾಲಿಯ ಒಳಗಿನದನ್ನೂ, ಸ್ಟೆಪ್ನಿ ಇದ್ದರೆ ಅದನ್ನೂ. ಅಪ್ಪ ಅಮ್ಮನ ಟಿಕೆಟ್ಟಿಗೆ ಇನ್ನೂ ದಿನವಿದೆ.